ಜೊತೆಗೆ ಯಾರು ಬರುತ್ತಾರೆ? ಸ್ಕಾಟ್ಲೆಂಡಿನ ಸಾರ್ವಜನಿಕ ಗಾಲ್ಫ್ ಬಯಲುಗಳಲ್ಲಿ ನಿಮಗೊಂದನ್ನು ಆರಿಸುವ ಬಗೆ

ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಬರುವ ನೆಂಟರಿಷ್ಟರಲ್ಲಿ ಗಾಲ್ಫ್ ಆಡುವವರು ಇದ್ದರೆ, ವಿಮಾನದ ಟಿಕೆಟ್ ಕೊಂಡ ಮರುದಿನವೇ ನನಗೆ ಫೋನ್ ಬರುತ್ತದೆ: ‘ಸೇಂಟ್ ಆಂಡ್ರ್ಯೂಸ್‌ನಲ್ಲಿ ಆಡಲು ಸಿಗುತ್ತದೆಯೇ?’ ಗಾಲ್ಫ್‌ಗೆ ಹೆಸರಾದ ಊರು ಅದು. ಸಿಗಬಹುದು. ಆದರೆ ಉತ್ತರ ಹೇಳುವ ಮೊದಲು ನಾನು ಮೂರು ವಿಷಯ ಕೇಳಿಕೊಳ್ಳುತ್ತೇನೆ. ಜೊತೆಗೆ ಯಾರು ಬರುತ್ತಾರೆ, ಎಷ್ಟು ದಿನ ಇದ್ದೀರಿ, ಇಲ್ಲಿ ಕಾರು ಓಡಿಸುತ್ತೀರಾ. ಎಷ್ಟು ಚೆನ್ನಾಗಿ ಆಡುತ್ತೀರಿ ಎಂಬುದನ್ನು ಕೊನೆಯಲ್ಲಿ ಕೇಳುತ್ತೇನೆ. ಹನ್ನೆರಡು ವರ್ಷಗಳಿಂದ ಎಡಿನ್‌ಬರೋದಲ್ಲಿದ್ದು, ಬಿಡುವಾದಾಗಲೆಲ್ಲ ಇಲ್ಲಿನ ಕಡಲಂಚಿನ ಹಳ್ಳಿಗಳಲ್ಲಿ ಆಡಿಕೊಂಡು ಬಂದ ಮೇಲೆ, ಆಟದ ದಿನವನ್ನು ಕೆಡಿಸುವುದೂ ಬೆಳಗಿಸುವುದೂ ಈ ಮೊದಲ ಮೂರು ವಿಷಯಗಳೇ ಎಂದು ನನಗೆ ಖಚಿತವಾಗಿದೆ.

ಇಲ್ಲಿ ‘ಸಾರ್ವಜನಿಕ’ ಎಂದರೇನು ಎಂದು ಮೊದಲು ಹೇಳಬೇಕು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಬ್ರಿಟನ್ನಿನ ಹೊರಗಿನ ಅತಿ ಹಳೆಯ ಕ್ಲಬ್‌ಗಳಲ್ಲಿ ಅದೂ ಒಂದು. ನಮ್ಮ ಕಡೆಗೆ ಈ ಆಟ ಬಂದದ್ದು ದಂಡಿನ ಅಧಿಕಾರಿಗಳ, ತೋಟದ ದೊರೆಗಳ ಜೊತೆಗೆ. ಹಾಗಾಗಿ ಗಾಲ್ಫ್ ಎಂದರೆ ನಮಗೆ ಕಾಂಪೌಂಡ್ ಗೋಡೆ, ಸದಸ್ಯತ್ವ, ಪರಿಚಯದವರ ಶಿಫಾರಸು. ಆಟದ ತವರಿನಲ್ಲಿ ಕಥೆಯೇ ಬೇರೆ. ಸಮುದ್ರಕ್ಕೂ ಹೊಲಕ್ಕೂ ನಡುವೆ ಉಳಿಯುವ ಮರಳು ದಿಬ್ಬಗಳ ಪಟ್ಟಿಯನ್ನು ಇಲ್ಲಿ ‘ಲಿಂಕ್ಸ್’ ಎನ್ನುತ್ತಾರೆ. ಉಪ್ಪುಗಾಳಿ ಬೀಸುವ, ನೀರು ನಿಲ್ಲದ ಆ ನೆಲದಲ್ಲಿ ಬೆಳೆ ಬರುವುದಿಲ್ಲ, ಗಿಡ್ಡ ಹುಲ್ಲು ಮಾತ್ರ ಬರುತ್ತದೆ. ಊರಿನವರು ಕುರಿ ಮೇಯಿಸಿದರು, ಬಟ್ಟೆ ಒಣಗಿಸಿದರು, ಮೊಲ ಸಾಕಿದರು, ಆಡಿದರು. 1457ರಲ್ಲೇ ಎರಡನೆಯ ಜೇಮ್ಸ್ ದೊರೆಯ ಕಾಲದ ಸಂಸತ್ತು ಗಾಲ್ಫನ್ನು ನಿಷೇಧಿಸಿತ್ತು. ಜನ ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಚೆಂಡಿನ ಹಿಂದೆ ಬಿದ್ದಿದ್ದರು. ಸೇಂಟ್ ಆಂಡ್ರ್ಯೂಸ್‌ನ ಬಯಲಿನಲ್ಲಿ ಆಡುವ ಹಕ್ಕು ಊರ ಜನರಿಗಿದೆ ಎಂದು ಅಲ್ಲಿನ ಆರ್ಚ್‌ಬಿಷಪ್ 1552ರಲ್ಲಿ ಬರೆದುಕೊಟ್ಟ ಪತ್ರವಿದೆ.

ಇದನ್ನೆಲ್ಲ ನಾನು ವಿವರಿಸಿದಾಗ ಅರಸೀಕೆರೆ ಕಡೆಯಿಂದ ಬಂದಿದ್ದ ನನ್ನ ತಂದೆ ಒಂದೇ ಮಾತು ಹೇಳಿದರು: ‘ಹಾಗಾದರೆ ಇದು ಗೋಮಾಳ.’ ಅದಕ್ಕಿಂತ ಸರಿಯಾದ ಕನ್ನಡ ಪದ ನನಗೆ ಇದುವರೆಗೆ ಸಿಕ್ಕಿಲ್ಲ. ಗೋಮಾಳದ ಗುಣ ಎಲ್ಲಿ ಎಷ್ಟು ಉಳಿದಿದೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡು, ನಾನು ಮತ್ತೆ ಮತ್ತೆ ಹೋಗಿ ಬಂದ ನಾಲ್ಕು ಜಾಗಗಳನ್ನು ಹೋಲಿಸುತ್ತೇನೆ.

ಸೇಂಟ್ ಆಂಡ್ರ್ಯೂಸ್: ಹೆಸರಿಗಾಗಿ ಹೋಗುವವರು ಇಷ್ಟು ತಿಳಿದಿರಿ

ಇಲ್ಲಿರುವುದು ಒಂದೇ ಕೋರ್ಸ್ (ಗಾಲ್ಫ್ ಬಯಲು) ಎಂದು ಬಹಳ ಮಂದಿ ತಿಳಿದಿರುತ್ತಾರೆ. ಏಳು ಇವೆ. ಏಳನ್ನೂ 1974ರ ಕಾಯ್ದೆಯಡಿ ಸ್ಥಾಪನೆಯಾದ ಟ್ರಸ್ಟ್ ನೋಡಿಕೊಳ್ಳುತ್ತದೆ. ಎಲ್ಲರೂ ಕನಸು ಕಾಣುವ ಓಲ್ಡ್ ಕೋರ್ಸ್ ಅವುಗಳಲ್ಲಿ ಒಂದು ಮಾತ್ರ. ಅಲ್ಲಿ ಆಡಲು ಹ್ಯಾಂಡಿಕ್ಯಾಪ್, ಅಂದರೆ ನಿಮ್ಮ ಆಟದ ಮಟ್ಟ ತಿಳಿಸುವ ಅಂಕೆಯ ಪ್ರಮಾಣಪತ್ರ ಬೇಕು. ಬೇಸಿಗೆಯ ಶುಲ್ಕ ತಲೆಗೆ 300 ಪೌಂಡ್ ದಾಟಿದೆ. ಮುಂಗಡ ಬುಕಿಂಗ್ ಸಿಗದವರು ಆಡುವ ದಿನಕ್ಕೆ ಎರಡು ದಿನ ಮೊದಲು ನಡೆಯುವ ಚೀಟಿ ಎತ್ತುವಿಕೆಗೆ ಹೆಸರು ಕೊಡಬೇಕು. ಅದಕ್ಕೆ ಕನಿಷ್ಠ ಇಬ್ಬರು ಬೇಕು. ಒಂಟಿಯಾಗಿ ಬರುವವರು ಹಿಂದೆ ರಾತ್ರಿಯಿಡೀ ಚಳಿಯಲ್ಲಿ ಸರದಿ ನಿಲ್ಲುತ್ತಿದ್ದರು. 2024ರಿಂದ ಅವರಿಗೂ ಬೇರೆ ಚೀಟಿ ವ್ಯವಸ್ಥೆ ಬಂದಿದೆ, ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ನೋಂದಾಯಿಸಬೇಕು.

ಎರಡೇ ದಿನ ಇರುವವರು ಈ ಚೀಟಿಯನ್ನು ನಂಬಿಕೊಂಡು ಪ್ರವಾಸ ಹಾಕಿಕೊಳ್ಳಬಾರದು. ನನ್ನ ಸ್ನೇಹಿತರೊಬ್ಬರು ಹಾಗೆ ಮಾಡಿ, ಎರಡು ದಿನವೂ ಹೆಸರು ಬಾರದೆ, ಮಕ್ಕಳನ್ನು ಹೋಟೆಲ್ ಕೋಣೆಯಲ್ಲಿ ಕಾಯಿಸಿ, ಬಹಳ ಬೇಸರದಿಂದ ಲಂಡನ್ನಿಗೆ ಹಿಂತಿರುಗಿದರು. ಅದೇ ಎರಡು ದಿನಗಳಲ್ಲಿ ಅವರು ಪಕ್ಕದ ಈಡನ್ ಕೋರ್ಸಿನಲ್ಲಿ ಆಡಬಹುದಿತ್ತು. 1914ರಲ್ಲಿ ಹ್ಯಾರಿ ಕೋಲ್ಟ್ ವಿನ್ಯಾಸ ಮಾಡಿದ ಅದು ಅದೇ ಮರಳಿನ ಮೇಲೆ, ಅದೇ ಗಾಳಿಗೆ ಒಡ್ಡಿಕೊಂಡಿದೆ. ಹೊಸಬರಿಗೂ ಮಕ್ಕಳಿಗೂ ಬಾಲ್ಗೋವ್ ಎಂಬ ಒಂಬತ್ತು ಹೋಲ್‌ಗಳ ಕೋರ್ಸ್ ಇದೆ (ಮೊದಲ ಹೊಡೆತದಿಂದ ಗುಳಿಯವರೆಗಿನ ಒಂದು ಘಟ್ಟವೇ ಹೋಲ್). ಅಲ್ಲಿ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ.

ಆಡದವರಿಗೆ ಸೇಂಟ್ ಆಂಡ್ರ್ಯೂಸ್ ಕೊಡುವಷ್ಟನ್ನು ಬೇರೆ ಯಾವ ಗಾಲ್ಫ್ ಊರೂ ಕೊಡುವುದಿಲ್ಲ ಎಂಬುದನ್ನು ಮಾತ್ರ ಮನಸಾರೆ ಹೇಳುತ್ತೇನೆ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಅಂದು ಅದು ಊರಿನ ಉದ್ಯಾನ. ನಾಯಿಗಳನ್ನು ಕರೆದುಕೊಂಡು ಬರುವವರು, ಮಗುವಿನ ಗಾಡಿ ತಳ್ಳುವವರು, ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ಎಲ್ಲರೂ ಅಲ್ಲಿರುತ್ತಾರೆ. ಉಳಿದ ದಿನಗಳಲ್ಲೂ ಮೊದಲ ಮತ್ತು ಹದಿನೆಂಟನೆಯ ಫೇರ್‌ವೇಗಳನ್ನು (ಗುಳಿಯತ್ತ ಸಾಗುವ ಹುಲ್ಲುಹಾದಿಗಳನ್ನು) ಅಡ್ಡ ಹಾಯುವ ಸಾರ್ವಜನಿಕ ದಾರಿ ಒಂದಿದೆ. ಜನ ದಾಟುವವರೆಗೆ ಆಟಗಾರರು ಕಾಯುತ್ತಾರೆ. ಇನ್ನು ಕಡಲ ಪಕ್ಕದ ‘ಹಿಮಾಲಯಾಸ್’ ಎಂಬ, ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಬೀಳಿಸುವ ಪಟ್ಟಿಂಗ್ ಬಯಲು. 1867ರಲ್ಲಿ ಹುಟ್ಟಿದ ಮಹಿಳೆಯರ ಸಂಘವೊಂದು ಅದನ್ನು ಇಂದಿಗೂ ನಡೆಸುತ್ತಿದೆ. ಏರಿಳಿತಗಳ ಹುಲ್ಲಿನ ಮೇಲೆ ಪುಟ್ಟ ಶುಲ್ಕ ಕೊಟ್ಟು ಯಾರು ಬೇಕಾದರೂ ಚೆಂಡು ಉರುಳಿಸಬಹುದು. ನನ್ನ ತಾಯಿ ಜೀವನದಲ್ಲಿ ಮೊದಲ ಬಾರಿ ಪಟರ್ ಎಂಬ ಆ ಕೋಲು ಹಿಡಿದದ್ದು ಅಲ್ಲೇ, ಸೀರೆಯ ಮೇಲೆ ಸ್ವೆಟರ್ ತೊಟ್ಟು. ಮೂರನೆಯ ಹೋಲಿನಲ್ಲಿ ಚೆಂಡು ದಿಬ್ಬ ಹತ್ತಿ ಇಳಿದು ಗುಳಿಗೆ ಬಿದ್ದಾಗ ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು.

ರೈಲಿನಲ್ಲಿ ಬರುವವರು ಲೂಕರ್ಸ್ ನಿಲ್ದಾಣದಲ್ಲಿ ಇಳಿದು ಬಸ್ ಹಿಡಿಯಬೇಕು. ಎಡಿನ್‌ಬರೋದಿಂದ ಬೆಳಗ್ಗೆ ಹೊರಟು ರಾತ್ರಿಗೆ ಹಿಂತಿರುಗಬಹುದು. 2027ರ ಜುಲೈನಲ್ಲಿ ಗಾಲ್ಫಿನ ಹೆಸರಾಂತ ಪಂದ್ಯಾವಳಿ ಓಪನ್ ಚಾಂಪಿಯನ್‌ಷಿಪ್ ಇಲ್ಲಿಗೆ ಮರಳಲಿದೆ. ನೋಡಲು ಬರುವವರಿಗೆ ಅದು ಹಬ್ಬ. ಆಡಲು ಬರುವವರು ಬೇರೆ ತಿಂಗಳು ಆರಿಸಿಕೊಳ್ಳುವುದು ಒಳ್ಳೆಯದು.

ಬ್ರೋರಾ: ಕುರಿಗಳ ನಡುವೆ

ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೋಗುವ ರೈಲು ಕಡಲಿಗೆ ಅಂಟಿಕೊಂಡೂ ಬಿಟ್ಟೂ ಸಾಗುತ್ತದೆ. ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣದ ನಂತರ ಬ್ರೋರಾ ಬರುತ್ತದೆ. ಕ್ಲಬ್ ಹುಟ್ಟಿದ್ದು 1891ರಲ್ಲಿ. ಈಗಿನ ವಿನ್ಯಾಸ 1920ರ ದಶಕದಲ್ಲಿ ಜೇಮ್ಸ್ ಬ್ರೇಡ್ ಮಾಡಿಕೊಟ್ಟದ್ದು. ಐದು ಬಾರಿ ಓಪನ್ ಗೆದ್ದ ಆಟಗಾರ ಆತ. ಒಂಬತ್ತು ಹೋಲ್‌ಗಳು ಮರಳು ತೀರದ ಪಕ್ಕದಲ್ಲಿ ಹೊರಗೆ ಹೋಗುತ್ತವೆ, ಒಂಬತ್ತು ಹಿಂದಕ್ಕೆ ಬರುತ್ತವೆ. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಬರುವಾಗ ಎದೆಗೆ. ಬ್ರೇಡ್ ಮಣ್ಣನ್ನು ಹೆಚ್ಚು ಕದಲಿಸಲಿಲ್ಲ, ಬಂಕರ್ ಎಂಬ ಮರಳುಗುಳಿಗಳನ್ನೂ ಎಲ್ಲೆಡೆ ತೋಡಿಸಲಿಲ್ಲ. ಇದ್ದ ನೆಲದ ಮಡಿಕೆಗಳನ್ನೇ ಓದಿ ಗ್ರೀನ್‌ಗಳನ್ನು, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗಗಳನ್ನು ಇಟ್ಟ. ಚೆಂಡು ಎಲ್ಲಿ ಬೀಳುತ್ತದೆ ಎಂಬುದಕ್ಕಿಂತ ಬಿದ್ದ ಮೇಲೆ ಯಾವ ಕಡೆ ಉರುಳುತ್ತದೆ ಎಂಬುದೇ ಇಲ್ಲಿ ಆಟ.

ಈ ನೆಲದ ಮೇಲೆ ಸುತ್ತಲಿನ ಸಣ್ಣ ಹಿಡುವಳಿದಾರರಿಗೆ ಹಿಂದಿನಿಂದ ಬಂದ ಮೇವಿನ ಹಕ್ಕು ಇದೆ. ನಾವು ಅಲ್ಲಿಗೆ ಹೋಗಿದ್ದ ವರ್ಷ ಕುರಿಗಳೂ ನಾಲ್ಕಾರು ಹಸುಗಳೂ ಫೇರ್‌ವೇಯ ಮೇಲೆ ಮೇಯುತ್ತಿದ್ದವು. ಪ್ರತಿ ಗ್ರೀನ್‌ನ ಸುತ್ತ ಮೊಣಕಾಲೆತ್ತರದಲ್ಲಿ ಸಣ್ಣ ವಿದ್ಯುತ್ ತಂತಿ. ದಾಟಿ ಒಳಗೆ ಹೋಗಬೇಕು. ಚೆಂಡು ತಂತಿಗೆ ತಾಗಿದರೆ ಮತ್ತೆ ಹೊಡೆಯಬಹುದು, ಸಗಣಿಯಲ್ಲಿ ಬಿದ್ದರೆ ದಂಡವಿಲ್ಲದೆ ಎತ್ತಿಕೊಳ್ಳಬಹುದು ಎಂಬ ಸ್ಥಳೀಯ ನಿಯಮಗಳು ಸ್ಕೋರ್‌ಕಾರ್ಡ್‌ನಲ್ಲೇ ಇದ್ದವು. ನನ್ನ ತಂದೆ ಆಡುವವರಲ್ಲ. ನಾನು ಹೊಡೆಯುತ್ತ ಹೋದಂತೆ ಅವರು ನನ್ನ ಜೊತೆ ನಡೆದರು. ಒಂದು ಹಸುವಿನ ಕೆಚ್ಚಲು ನೋಡಿ ಕರು ಹಾಕಿ ಎಷ್ಟು ದಿನವಾಗಿರಬಹುದು ಎಂದು ಲೆಕ್ಕ ಹಾಕಿದರು, ಹುಲ್ಲನ್ನು ಕಿತ್ತು ಬೇರು ನೋಡಿದರು, ಇಷ್ಟು ಮರಳಿನಲ್ಲಿ ಇಷ್ಟು ದಟ್ಟವಾಗಿ ಹೇಗೆ ನಿಂತಿದೆ ಎಂದು ಬೆರಗಾದರು. ನಾಲ್ಕು ಗಂಟೆ ಕಾಲ ಹಾಗೆ ನಡೆದ ನಂತರವೂ ಅವರಿಗೆ ದಣಿವಾಗಿರಲಿಲ್ಲ. ವಯಸ್ಸಾದ ತಂದೆ ತಾಯಿ ನಡೆಯಬಲ್ಲವರಾಗಿದ್ದರೆ, ಅದರಲ್ಲೂ ಹಳ್ಳಿಯಲ್ಲಿ ಬಾಳಿದವರಾಗಿದ್ದರೆ, ಅವರನ್ನು ಹೆಸರುವಾಸಿಯಾದ ಕೋರ್ಸಿನ ಕ್ಲಬ್‌ಹೌಸಿನಲ್ಲಿ ಕೂರಿಸಿ ಹೋಗಬೇಡಿ. ಇಂಥ ಕಡೆ ಜೊತೆಗೆ ಕರೆದುಕೊಂಡು ಹೋಗಿ.

ಶುಲ್ಕ ಈಚಿನ ವರ್ಷಗಳಲ್ಲಿ ಏರಿದೆ, ಅಗ್ಗವೇನಲ್ಲ. ಬೇಸಿಗೆಯಲ್ಲಿ ಹೊರದೇಶದವರು ಮೊದಲೇ ಬುಕ್ ಮಾಡಿಕೊಂಡಿರುತ್ತಾರೆ, ನೀವೂ ತಿಂಗಳುಗಳ ಮುಂಚೆ ವಿಚಾರಿಸಿ. ಆದರೆ ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಬೆಳಕಿರುವುದರಿಂದ ಸಂಜೆಯ ಆಟಕ್ಕೆ ಜಾಗ ಸಿಗುವ ಸಾಧ್ಯತೆ ಹೆಚ್ಚು. ಅಡ್ಡಬಿಸಿಲಿನಲ್ಲಿ ನೆಲದ ಪ್ರತಿ ಉಬ್ಬು ತಗ್ಗಿಗೂ ನೆರಳು ಬಿದ್ದು ಬಯಲೆಲ್ಲ ಅಲೆಅಲೆಯಾಗಿ ಕಾಣುವ ಹೊತ್ತು ಅದೇ. ಹಾದಿಯಲ್ಲಿ ಡನ್‌ರಾಬಿನ್ ಕೋಟೆ ಇದೆ, ಉಳಿದವರು ಅಲ್ಲಿ ಅರ್ಧ ದಿನ ಕಳೆಯಬಹುದು.

ಶಿಸ್ಕಿನ್: ಮಕ್ಕಳಿದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ

ಪಶ್ಚಿಮದ ಆರನ್ ದ್ವೀಪಕ್ಕೆ ದೋಣಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ಬ್ರಾಡಿಕ್ ಬಂದರಿನಲ್ಲಿ ಇಳಿದು ಬಸ್ ಹಿಡಿದರೆ ಗುಡ್ಡಗಳನ್ನು ಹತ್ತಿ ಇಳಿದು ಬ್ಲ್ಯಾಕ್‌ವಾಟರ್‌ಫುಟ್ ಎಂಬ ಹಳ್ಳಿಗೆ ಸೇರಿಸುತ್ತದೆ. ಅಲ್ಲಿನ ಶಿಸ್ಕಿನ್ ಕೋರ್ಸಿನಲ್ಲಿ ಇರುವುದು ಹನ್ನೆರಡು ಹೋಲ್. ಒಂಬತ್ತೂ ಅಲ್ಲ, ಹದಿನೆಂಟೂ ಅಲ್ಲ. 1896ರಲ್ಲಿ ಒಂಬತ್ತರಿಂದ ಶುರುವಾಗಿ, ಮುಂದೆ ಹದಿನೆಂಟಕ್ಕೆ ಬೆಳೆದು, ಮೊದಲ ಮಹಾಯುದ್ಧದ ಕಾಲದಲ್ಲಿ ನೋಡಿಕೊಳ್ಳುವವರಿಲ್ಲದೆ ಆರು ಹಾಳುಬಿದ್ದವು. ಯುದ್ಧ ಮುಗಿದ ಮೇಲೆ ಊರಿನವರು ಆ ಆರನ್ನು ಮತ್ತೆ ಎಬ್ಬಿಸಲಿಲ್ಲ. ಉಳಿದ ಹನ್ನೆರಡು ಸಾಕೆನಿಸಿತು, ಇಂದಿಗೂ ಸಾಕಾಗಿದೆ.

ಸುಮಾರು 3,000 ಗಜ, ಪಾರ್ (ನುರಿತ ಆಟಗಾರ ಮುಗಿಸಬೇಕಾದ ಹೊಡೆತಗಳ ಲೆಕ್ಕ) 42. ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಆಟದ ಮೇಲೆ ಆಸೆ ಇದ್ದೂ ಸಂಸಾರಸ್ಥರಾದವರಿಗೆ ಈ ಎರಡೂವರೆ ಗಂಟೆ ಎಷ್ಟು ದೊಡ್ಡ ವರ ಎಂದು ನಾನು ಬಲ್ಲೆ. ಹದಿನೆಂಟು ಹೋಲ್ ಎಂದರೆ ಹೋಗಿ ಬರುವುದೂ ಸೇರಿ ಇಡೀ ದಿನ ಹೋಯಿತು. ಇಲ್ಲಿ ಬೆಳಗ್ಗೆ ಆಡಿ, ಮಧ್ಯಾಹ್ನ ಮಕ್ಕಳೊಂದಿಗೆ ಮರಳಿನಲ್ಲಿ ಕೂತು ಬುತ್ತಿ ಬಿಚ್ಚಬಹುದು. ಕೋರ್ಸಿನ ಅಂಚಿನಿಂದ ಮುಂದೆ ನಡೆದರೆ ರಾಬರ್ಟ್ ಬ್ರೂಸ್ ದೊರೆ ಅಡಗಿದ್ದ ಎಂದು ಜನ ಹೇಳುವ ಗುಹೆ ಸಿಗುತ್ತದೆ. ನನ್ನ ಮಗಳಿಗೆ ಆ ಗುಹೆಯೇ ದ್ವೀಪದ ರಾಜಧಾನಿ.

ಮೂರನೆಯ ಹೋಲಿನ ಹೆಸರು ‘ಕಾಗೆಗೂಡು’. ದ್ರುಮಡೂನ್ ಎಂಬ ಕಡಿದಾದ ಬಂಡೆಯ ಬುಡದಲ್ಲಿ, ನೇರ ಮೇಲಕ್ಕೆ, ಕಾಣದ ಗ್ರೀನ್‌ಗೆ ಹೊಡೆಯಬೇಕು. ಮುಂದಿನವರು ಜಾಗ ಬಿಟ್ಟರೋ ಇಲ್ಲವೋ ಎಂದು ತಿಳಿಯಲು ಅಲ್ಲಿ ಸಂಕೇತದ ವ್ಯವಸ್ಥೆ ಇದೆ. ಅದನ್ನು ನೋಡದೆ ದಯವಿಟ್ಟು ಹೊಡೆಯಬೇಡಿ. ಹೊಡೆದು, ಬ್ಯಾಗು ಹೊತ್ತು, ಏದುಸಿರು ಬಿಡುತ್ತ ಮೇಲೆ ಬಂದು ತಿರುಗಿ ನೋಡಿದರೆ ಕಿಲ್‌ಬ್ರಾನನ್ ಜಲಸಂಧಿ, ಆಚೆ ಕಿನ್‌ಟೈರ್‌ನ ನೀಲಿ ಬೆಟ್ಟಸಾಲು. ನಾನು ಅಲ್ಲಿಗೆ ಹೋದಾಗಲೆಲ್ಲ ಪಟರ್ ಕೈಗೆತ್ತಿಕೊಳ್ಳುವ ಮೊದಲು ಕೆಲವು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಹಿಂದಿನವರು ಅವಸರ ಮಾಡಿದ್ದು ನನಗೆ ನೆನಪಿಲ್ಲ, ಅವರೂ ಮೇಲೆ ಬಂದು ಅದನ್ನೇ ಮಾಡುತ್ತಾರೆ. ಶುಲ್ಕ ಓಲ್ಡ್ ಕೋರ್ಸಿನ ಕಾಲುಭಾಗವೂ ಆಗುವುದಿಲ್ಲ.

ಒಂದೇ ತೊಡಕು ದೋಣಿ. ಗಾಳಿ ಜೋರಾದರೆ ರದ್ದಾಗುತ್ತದೆ, ಯಾವ ಬಂದರಿನಿಂದ ಹೊರಡುತ್ತದೆ ಎಂಬುದೂ ಬದಲಾಗುತ್ತಿರುತ್ತದೆ. ಹಿಂದಿನ ರಾತ್ರಿ ವೇಳಾಪಟ್ಟಿ ನೋಡಿಕೊಳ್ಳಿ. ವಿಮಾನ ಹಿಡಿಯಬೇಕಾದ ಹಿಂದಿನ ದಿನ ಮಾತ್ರ ದ್ವೀಪದಲ್ಲಿ ಇರಬೇಡಿ.

ಡರ್ನೆಸ್: ದಾರಿಯೇ ಅರ್ಧ ಪ್ರವಾಸ

ಬ್ರಿಟನ್ನಿನ ಮುಖ್ಯ ಭೂಭಾಗದ ವಾಯವ್ಯ ಮೂಲೆ. ರೈಲು ಇಲ್ಲ, ಅತಿ ಹತ್ತಿರದ ನಿಲ್ದಾಣ ಲೇರ್ಗ್, ಅಲ್ಲಿಂದ ಸುಮಾರು 90 ಕಿಲೊಮೀಟರ್. ಒಂದೇ ವಾಹನ ಹೋಗುವಷ್ಟು ಅಗಲದ ರಸ್ತೆ, ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಬದಿಗೆ ಜಾಗ. ಆ ರಸ್ತೆಯಲ್ಲಿ ಓಡಿಸಲು ಅಳುಕುವವರು ಇಲ್ಲಿಗೆ ಬರುವುದು ಬೇಡ. ಚಾರ್ಮಾಡಿ ಘಾಟಿಯಲ್ಲಿ ನಿಶ್ಚಿಂತೆಯಿಂದ ಓಡಿಸುವವರಿಗೆ ಕಷ್ಟವಾಗುವುದಿಲ್ಲ, ತಾಳ್ಮೆಯೊಂದಿದ್ದರೆ ಸಾಕು.

ಊರಿನ ಗಾಲ್ಫ್ ಪ್ರಿಯರು ಸೇರಿ ಕಟ್ಟಿದ ಈ ಕೋರ್ಸ್ ಆರಂಭವಾದದ್ದು 1988ರಲ್ಲಿ. ಒಂಬತ್ತೇ ಗ್ರೀನ್, ಎರಡನೆಯ ಸುತ್ತಿಗೆ ಬೇರೆ ಟೀಗಳಿಂದ (ಮೊದಲ ಹೊಡೆತದ ಜಾಗಗಳಿಂದ) ಹೊಡೆದು ಹದಿನೆಂಟು ಮಾಡಿಕೊಳ್ಳುತ್ತಾರೆ. ಕೊನೆಯ ಹೋಲಿನಲ್ಲಿ ಟೀಗೂ ಗ್ರೀನ್‌ಗೂ ನಡುವೆ ಅಟ್ಲಾಂಟಿಕ್ ಸಾಗರದ ಒಂದು ಸೀಳು ಒಳಕ್ಕೆ ನುಗ್ಗಿದೆ. ತಪ್ಪಿದ ಚೆಂಡು ನೀರಿನದು. ನಾನು ಅಲ್ಲಿ ಆಡಿದ್ದು ಒಂದು ಜುಲೈ ಸಂಜೆ. ಇಡೀ ಬಯಲಿನಲ್ಲಿ ನಮ್ಮನ್ನು ಬಿಟ್ಟರೆ ಇನ್ನಿಬ್ಬರು ಇದ್ದರು. ಏಕಾಂತ ಬೇಕೆನ್ನುವವರಿಗೆ, ಉತ್ತರ ಕರಾವಳಿಯ ಸುತ್ತು ಹೇಗೂ ಹಾಕುತ್ತಿರುವವರಿಗೆ ಇದು ಸರಿ. ಗಾಲ್ಫ್ ಒಂದಕ್ಕಾಗಿಯೇ ಅಷ್ಟು ದೂರ ಹೋಗಬೇಕೇ ಎಂದರೆ, ಬ್ರೋರಾ ನೋಡದವರಿಗೆ ನಾನು ಬ್ರೋರಾವನ್ನೇ ಹೇಳುತ್ತೇನೆ.

ಎಲ್ಲಿಗೆ ಹೋದರೂ

ಕಾಲ ಮುಖ್ಯ. ಮೇ, ಜೂನ್ ನನ್ನ ಆಯ್ಕೆ: ದೀರ್ಘ ಹಗಲು, ಹಳದಿ ಹೂ ತುಂಬಿದ ಗೋರ್ಸ್ ಮುಳ್ಳುಪೊದೆ. ಆ ಪೊದೆಯೊಳಗೆ ಹೋದ ಚೆಂಡಿಗಾಗಿ ಕೈ ಹಾಕಬೇಡಿ. ನಿಯಮದ ಪ್ರಕಾರ ಹುಡುಕಲು ಇರುವುದೂ ಮೂರೇ ನಿಮಿಷ. ಜುಲೈ, ಆಗಸ್ಟ್‌ನಲ್ಲಿ ಗಾಳಿಯಿಲ್ಲದ ಸಂಜೆ ಮಿಜ್ ಎಂಬ ಸಣ್ಣ ನೊಣಗಳು ಮುತ್ತುತ್ತವೆ. ಚಳಿಗಾಲದಲ್ಲಿ ಉತ್ತರದಲ್ಲಿ ಆರೇಳು ಗಂಟೆಯಷ್ಟೇ ಬೆಳಕು. ನವೆಂಬರಿನಲ್ಲಿ ಒಮ್ಮೆ ಚಿತ್ರ ಚೆನ್ನಾಗಿದೆಯೆಂದು ಒಳನಾಡಿನ ಒಂದು ಕೋರ್ಸಿಗೆ ಹಣ ಕಟ್ಟಿ ಹೋಗಿದ್ದೆ. ಜೇಡಿಮಣ್ಣಿನ ನೆಲ, ಪಾದ ಹೂತುಹೋಗುವಷ್ಟು ಕೆಸರು, ನಿಜವಾದ ಗ್ರೀನ್‌ಗಳನ್ನು ಮುಚ್ಚಿ ಫೇರ್‌ವೇಯಲ್ಲೇ ತಾತ್ಕಾಲಿಕ ಗುಳಿ. ಬುಕ್ ಮಾಡುವಾಗ ಅದನ್ನು ಯಾರೂ ಹೇಳಿರಲಿಲ್ಲ. ಅಂದಿನಿಂದ ಅಕ್ಟೋಬರ್ ಕಳೆದ ಮೇಲೆ ಕಡಲಂಚಿನ ಮರಳು ನೆಲ ಬಿಟ್ಟು ಬೇರೆಡೆ ಹೋಗಿಲ್ಲ, ಹೋಗುವವರಿಗೂ ‘ಇಂದು ಮುಖ್ಯ ಗ್ರೀನ್‌ಗಳು ತೆರೆದಿವೆಯೇ’ ಎಂದು ಫೋನಿನಲ್ಲಿ ಕೇಳಿ ಹೊರಡಲು ಹೇಳುತ್ತೇನೆ.

ಊರಿನಿಂದ ಕಿಟ್ ಹೊತ್ತು ತರುವ ಅಗತ್ಯವಿಲ್ಲ, ಬಾಡಿಗೆಗೆ ಸಿಗುತ್ತದೆ. ಹಳ್ಳಿಯ ಕೋರ್ಸುಗಳಲ್ಲಿ ಸೆಟ್‌ಗಳು ಕಡಿಮೆ ಇರುವುದರಿಂದ ಮೊದಲೇ ಹೇಳಿಡಿ. ಕ್ಯಾಡಿಗಳ ಸಹಾಯಕ್ಕೆ ನಮ್ಮಲ್ಲಿ ಒಗ್ಗಿಕೊಂಡವರು ಇಲ್ಲಿ ಬಹುಪಾಲು ಕಡೆ ಬ್ಯಾಗನ್ನು ತಾವೇ ಹೊರಬೇಕು, ಕಿತ್ತ ಹುಲ್ಲುಹೆಂಟೆಯನ್ನು ತಾವೇ ಮುಚ್ಚಬೇಕು, ಬಂಕರಿನ ಮರಳನ್ನು ತಾವೇ ಸಮ ಮಾಡಬೇಕು. ಜೂನ್‌ನಲ್ಲೂ ಮಳೆ ಅಂಗಿ ಬ್ಯಾಗಿನಲ್ಲಿರಲಿ. 2003ರ ಭೂಸುಧಾರಣೆ ಕಾಯ್ದೆಯ ಪ್ರಕಾರ ಗ್ರೀನ್ ತುಳಿಯದೆ, ಆಟಕ್ಕೆ ಅಡ್ಡಿಯಾಗದೆ ಕೋರ್ಸನ್ನು ಹಾಯ್ದು ಹೋಗುವ ಹಕ್ಕು ಎಲ್ಲರಿಗೂ ಇದೆ. ಆದ್ದರಿಂದ ಫೇರ್‌ವೇಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಕೈಬೀಸಿ ಕಾಯಿರಿ.

ವರ್ಷಗಳ ನಂತರ ಗಾಲ್ಫ್ ಕೋಲು ಹಿಡಿಯುತ್ತಿರುವವರು ನೇರ ಹಳ್ಳಿಗೆ ಹೋಗುವ ಮೊದಲು ಎಡಿನ್‌ಬರೋದ ಬ್ರೇಡ್ ಹಿಲ್ಸ್‌ನಲ್ಲಿ ಒಂದು ಬೆಳಗ್ಗೆ ಕಳೆಯಿರಿ. ನಗರದ ಹಳೆಯ ಬಯಲು ಕಿಕ್ಕಿರಿದದ್ದರಿಂದ ನಗರಸಭೆಯೇ ಗುಡ್ಡ ಕೊಂಡು 1889ರಲ್ಲಿ ತೆರೆದ ಕೋರ್ಸ್ ಅದು. ಸಿಟಿ ಬಸ್ಸಿನಲ್ಲೇ ಹೋಗಬಹುದು. ಗುಡ್ಡದ ಮೇಲಿನಿಂದ ಒಂದು ಕಡೆ ಕೋಟೆ, ಇನ್ನೊಂದು ಕಡೆ ಫೋರ್ತ್ ಕೊಲ್ಲಿ ಕಾಣುತ್ತವೆ.

ನನ್ನ ತಂದೆ ತಾಯಿ ಬರುವ ಮೇ ತಿಂಗಳಲ್ಲಿ ಮತ್ತೆ ಬರುತ್ತಿದ್ದಾರೆ. ಹತ್ತು ದಿನ ಇರುತ್ತಾರೆ. ಒಂದು ಭಾನುವಾರ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಡೆಯುವುದು, ಅಮ್ಮನಿಗೆ ಹಿಮಾಲಯಾಸ್; ಆರನ್‌ನಲ್ಲಿ ಎರಡು ರಾತ್ರಿ, ಮಗಳೊಂದಿಗೆ ಹನ್ನೆರಡು ಹೋಲ್; ಕೊನೆಗೆ ಬ್ರೋರಾ. ಈ ಸಲ ಕುರಿಗಳ ಉಣ್ಣೆ ಯಾವಾಗ ಕತ್ತರಿಸುತ್ತಾರೆ ಎಂದು ಅಲ್ಲಿನವರನ್ನೇ ಕೇಳಬೇಕು, ಒಂದು ದಿನ ಹೆಚ್ಚು ಇಟ್ಟುಕೋ ಎಂದು ಅಪ್ಪ ಈಗಲೇ ಹೇಳಿದ್ದಾರೆ.